ಗೋಡೆಯೊಳಗೆ ಸತ್ತವನು

"ಈ ಸಹಿ ನಿಮ್ಮದೇ, ಮೇಡಂ."

ಪತ್ತೇದಾರ ಭೂತಗನ್ನಡಿ ಹಾಗೆಂದಾಗ ಕಂಪನಿ ಸೆಕ್ರೆಟರಿಯ ಕೈಯಲ್ಲಿದ್ದ ಕೀಲಿಗೊಂಚಲು ಗಲಗಲ ಎಂದಿತು.

"ಇನ್ನೊಂದ್ಸಲ ನೋಡಿ. ಈ ಪುಟ ನಾನು ಬರೆದಿದ್ದಲ್ಲ."

"ಪುಟ ನೀವು ಬರೆದಿದ್ದು ಅಂತ ನಾನೆಲ್ಲಿ ಅಂದೆ? ಸಹಿ ನಿಮ್ದು ಅಂದೆ. ಅದೇ ಬೇರೆ, ಇದೇ ಬೇರೆ."

ಬೆಳಿಗ್ಗೆ ಹತ್ತೂವರೆ. ದಾಖಲೆ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಕಿಟಕಿಯಿಲ್ಲದ ಕೋಣೆ. ಮೂರು ಕಡೆ ಕಬ್ಬಿಣದ ಬೀರು, ನಡುವೆ ಒಂದು ಮೇಜು. ಮೇಜಿನ ಮೇಲೆ ವೇತನ ಸಮಿತಿಯ ನಡವಳಿ ಪುಸ್ತಕ, ನಲವತ್ತೊಂದನೇ ಪುಟ ತೆರೆದುಕೊಂಡು.

ಆ ಸಮಿತಿಯ ಅಧ್ಯಕ್ಷರಾಗಿದ್ದ ವಯಸ್ಸಾದ ಡಾಕ್ಟರು ಕಾರ್ಖಾನೆಯ ಹಿಂಬದಿಯ ಕಬ್ಬಿಣದ ಮೆಟ್ಟಿಲ ಕೆಳಗೆ ಹೆಣವಾಗಿ ಸಿಕ್ಕಿ ಅಂದಿಗೆ ಹನ್ನೊಂದು ದಿನ. ತಲೆ ಸುತ್ತಿ ಬಿದ್ದರು ಎಂದು ಕಂಪನಿ ಹೇಳಿತ್ತು. ಅದನ್ನು ನಂಬದ ಅವರ ಮಗಳು ಭೂತಗನ್ನಡಿಯನ್ನು ಗೊತ್ತು ಮಾಡಿದ್ದಳು.

ಪೊಲೀಸ್ ಇಲಾಖೆಯಲ್ಲಿ ಮೂವತ್ತು ವರ್ಷ ಕಳ್ಳಸಹಿ, ಸುಳ್ಳುಪತ್ರ ನೋಡಿ ನೋಡಿ ನಿವೃತ್ತನಾದ ಮನುಷ್ಯ ಅವನು. ಜೊತೆಯವರು ಇಟ್ಟ ಅಡ್ಡಹೆಸರನ್ನೇ ಈಗ ಬಾಗಿಲ ಫಲಕದ ಮೇಲೂ ಬರೆಸಿಕೊಂಡಿದ್ದ. "ಭೂತ ನೋಡಿದ್ರೆ ಜನ ಓಡ್ತಾರೆ, ಕನ್ನಡಿ ನೋಡಿದ್ರೆ ನಿಂತ್ಕೋತಾರೆ. ಎರಡೂ ಸೇರಿದ್ರೆ ಹೊಟ್ಟೆಪಾಡು ನಡೆಯತ್ತೆ" ಎಂದು ತಾನೇ ನಗಾಡುತ್ತಿದ್ದ. ಈಗ ಮಾತ್ರ ಅವನು ನಗುತ್ತಿರಲಿಲ್ಲ.

"ಇಲ್ಲಿ ಬನ್ನಿ. ನಲವತ್ತನೇ ಪುಟ ನೋಡಿ. ನಿಮ್ಮ ಚಿಕ್ಕ ಸಹಿಯ ಬಾಲ ಕೊನೇ ಸಾಲಿನ ಮೇಲೆ ಹಾದುಹೋಗಿದೆ. ಶಾಯಿ ಮೇಲಿದೆ, ಅಕ್ಷರ ಕೆಳಗಿದೆ. ಅಂದ್ರೇನು? ಮೊದಲು ಅಕ್ಷರ, ಆಮೇಲೆ ಸಹಿ."

"ಹೌದು. ಪ್ರಿಂಟ್ ಆದ್ಮೇಲೆ ಓದಿ ಸಹಿ ಹಾಕ್ತೀನಿ."

"ಈಗ ನಲವತ್ತೊಂದು."

ಅವಳು ಅವನು ಹಿಡಿದಿದ್ದ ಮಸೂರದ ಗಾಜಿನ ಮೇಲೆ ಬಗ್ಗಿದಳು. ನೀಲಿ ಗೆರೆಯ ಮೇಲೆ ಕಪ್ಪು ಅಕ್ಷರಗಳು ಹೆಜ್ಜೆಯಿಟ್ಟು ನಡೆದುಹೋದಂತೆ ಕಂಡಿತು. ಇಲ್ಲಿ ಶಾಯಿ ಕೆಳಗೆ, ಅಕ್ಷರ ಮೇಲೆ.

"ಖಾಲಿ ಹಾಳೆಗೆ ಸಹಿ ಹಾಕಿದೀರಿ, ಮೇಡಂ. ಬೇಕಾದ್ದನ್ನ ಯಾರೋ ಆಮೇಲೆ ಬರ್ಕೊಂಡಿದಾರೆ. ಯಾವಾಗ ಹಾಕಿದ್ರಿ? ಯಾರು ತಂದ್ರು?"

ಅವಳು ಗಾಜಿನಿಂದ ತಲೆ ಎತ್ತಿದಳು.

ಆಸ್ಪತ್ರೆಯ ಉದ್ದನೆಯ ಬೆಂಚು ಕಣ್ಮುಂದೆ ಬಂತು. ಅಮ್ಮನ ಹೊಟ್ಟೆಯ ಆಪರೇಷನ್ ಆದ ಮರುದಿನ. ಭಾವ ಬಂದು ಪಕ್ಕದಲ್ಲಿ ಕೂತು ಬ್ಯಾಗಿನಿಂದ ನಾಲ್ಕು ಹಾಳೆ ತೆಗೆದಿದ್ದ. "ಹೊಸ ಪ್ರಿಂಟರು ನಾಲ್ಕು ಪುಟ ಮಸಿ ಮಾಡಿದೆಯಂತೆ, ಪುಟ್ಟಿ. ಷೇರುದಾರರ ಸಭೆಗೆ ಮುಂಚೆ ಬೈಂಡ್ ಆಗ್ಬೇಕಂತೆ. ನೀನು ವಾರ ಬರಲ್ಲ ಅಂತ ನಾನೇ ತಂದೆ. ಮೂಲೇಲಿ ಒಂದೊಂದು ಸಹಿ ಹಾಕ್ಬಿಡು." ಅಮ್ಮನಿಗೆ ಆಗಷ್ಟೇ ಎಚ್ಚರವಾಗಿತ್ತು, ನೀರು ನೀರು ಎನ್ನುತ್ತಿದ್ದಳು. ಸೆಕ್ರೆಟರಿ ಮೊಣಕಾಲಿನ ಮೇಲೇ ಹಾಳೆ ಇಟ್ಟು ಸಹಿ ಹಾಕಿ ಕೊಟ್ಟಿದ್ದಳು. ಹದಿನೆಂಟು ವರ್ಷದ ನೌಕರಿಯಲ್ಲಿ ಓದದೆ ಹಾಕಿದ ಸಹಿ ಅದೊಂದೇ.

ಭಾವ ಎಂದರೆ ಅಕ್ಕನ ಗಂಡ. ಇದೇ ಕಾರ್ಖಾನೆಯ ಮ್ಯಾನೇಜರು. ತಂದೆಯಿಲ್ಲದ ಮನೆಗೆ ಅಳಿಯನಾಗಿ ಬಂದು ತಂದೆಯ ಹಾಗೆ ನಿಂತವನು. ಅವಳನ್ನು ಓದಿಸಿದವನು, ಈ ಕೆಲಸಕ್ಕೆ ಅರ್ಜಿ ಹಾಕಿಸಿದವನು.

"ನೆನಪಿಲ್ಲ" ಎಂದಳು.

ಭೂತಗನ್ನಡಿ ಅವಳ ಮುಖವನ್ನೇ ನೋಡಿದ. ಸುಳ್ಳುಸಹಿಯನ್ನು ನೋಡುವಾಗಿನ ನೋಟವೇ ಅದು.

"ಸರಿ. ನೆನಪಾದಾಗ ಹೇಳಿ. ಮೊದಲಿನ ಪುಟದಲ್ಲಿ ಏನಿತ್ತು ಅನ್ನೋದಾದ್ರೂ ನೆನಪಿದೆಯಾ?"

ಅದು ಮಾತ್ರ ಅಕ್ಷರಕ್ಕೆ ಅಕ್ಷರ ನೆನಪಿತ್ತು.

ಯಜಮಾನನ ಸಂಬಳವನ್ನು ಯಜಮಾನನೇ ಬರೆದುಕೊಳ್ಳಬಾರದು ಎಂದು ಹೊರಗಿನ ಮೂವರನ್ನು ಸೇರಿಸಿ ಮಾಡಿದ್ದೇ ವೇತನ ಸಮಿತಿ. ಎಂ.ಡಿ.ಯ ಸಂಬಳದ ವಿಷಯ ಬಂದಾಗ ಎಂ.ಡಿ. ಎದ್ದು ಹೊರಗೆ ಹೋಗಬೇಕು. ಮೂರು ವರ್ಷದ ಹಿಂದೆ ಡಾಕ್ಟರೇ ಹಟ ಹಿಡಿದು ಇನ್ನೊಂದು ನಿಯಮ ಸೇರಿಸಿದ್ದರು. ಕಾರ್ಖಾನೆಯ ಗೋಡೆಯೊಳಗೆ ವರ್ಷದಲ್ಲಿ ಒಬ್ಬ ಕೆಲಸಗಾರ ಸತ್ತರೂ ಎಂ.ಡಿ.ಗೂ ಅವರ ಕೈಕೆಳಗಿನ ನಾಲ್ವರು ಮುಖ್ಯಸ್ಥರಿಗೂ ಆ ವರ್ಷದ ಬೋನಸ್ ಇಲ್ಲ. ಸಾವನ್ನು ಮುಚ್ಚಿಟ್ಟದ್ದು ಮುಂದೆ ಬಯಲಾದರೆ ಹಿಂದಿನ ಎರಡು ವರ್ಷದ್ದೂ ವಾಪಸ್. ಆ ಐವರಿಗೆ ಸಂಬಳಕ್ಕಿಂತ ಬೋನಸ್ಸೇ ದೊಡ್ಡದು.

ಈ ವರ್ಷ ಸತ್ತವನು ಒಬ್ಬನೇ, ಅವನೂ ಗೋಡೆಯ ಹೊರಗೆ ಎಂದು ಕಾಗದ ಹೇಳುತ್ತಿತ್ತು. ಕುಲುಮೆಯ ಹಳೇ ಕೆಲಸಗಾರ, ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗುವಾಗ ಸೇತುವೆಯ ಹತ್ತಿರ ಯಾವುದೋ ಗಾಡಿ ಗುದ್ದಿ ಸತ್ತ. ಲೆಕ್ಕದ ವರ್ಷ ಮುಗಿಯಲು ಒಂಬತ್ತು ದಿನ ಇತ್ತು.

"ಆವತ್ತು ಸಭೇಲಿ ಎಂ.ಡಿ. ಹೊರಗೆ ಹೋದ್ರು" ಎಂದಳು ಸೆಕ್ರೆಟರಿ. "ಇನ್ನೊಬ್ಬ ಸದಸ್ಯೆ, ಬ್ಯಾಂಕಿನಿಂದ ರಿಟೈರ್ ಆದೋರು, ಫೋನಲ್ಲಿದ್ರು. ಅಷ್ಟರಲ್ಲಿ ಲೈನ್ ಕಟ್ಟಾಯ್ತು. ಮೂರನೆಯವರು ಬಂದೇ ಇರಲಿಲ್ಲ. ಡಾಕ್ಟರು ಜೇಬಿಂದ ಒಂದು ಫೋಟೋ ತೆಗೆದು ಮೇಜಿನ ಮೇಲಿಟ್ರು. ವಿಮೆಯೋರು ತೆಗೆದಿದ್ದ ಹೆಣದ ಫೋಟೋ. 'ರಸ್ತೇಲಿ ಬಿದ್ದವನ ಹುಬ್ಬು ಹೇಗಮ್ಮ ಸುಡತ್ತೆ?' ಅಂದ್ರು."

ಭೂತಗನ್ನಡಿ ಜೇಬಿನ ಪುಟ್ಟ ಪುಸ್ತಕ ತೆಗೆದು ಬರೆದುಕೊಂಡ.

"ಆಮೇಲೆ ಕನ್ನಡಕ ತೆಗೆದಿಟ್ರು. 'ಜೀವ ಉಳೀಲಿ ಅಂತ ನಾನೇ ಬರೆದ ನಿಯಮ ಇದು. ಹೆಣ ಬಚ್ಚಿಡೋದಕ್ಕೆ ಇವರಿಗೆ ದಾರಿ ಮಾಡಿಕೊಟ್ಟೆ. ಬರ್ಕೊಮ್ಮ, ವಿಚಾರಣೆ ಮುಗಿಯೋವರೆಗೂ ಐವರಿಗೂ ಬೋನಸ್ ತಡೆಹಿಡಿಯಲಾಗಿದೆ' ಅಂದ್ರು. ಬರ್ಕೊಂಡೆ. ಶುಕ್ರವಾರ ಕೊನೇ ಪುಟಕ್ಕೆ ಅವರು ಪೂರ್ತಿ ಸಹಿ ಹಾಕಿದ್ರು. ಭಾನುವಾರ ಸತ್ತುಹೋದ್ರು."

"ಒಳಗಿನ ಪುಟಗಳಿಗೆ?"

"ನನ್ನ ಚಿಕ್ಕ ಸಹಿ ಮಾತ್ರ."

ಈಗಿನ ನಲವತ್ತೊಂದನೇ ಪುಟ ಬೇರೆಯೇ ಮಾತನಾಡುತ್ತಿತ್ತು. "ಗೋಡೆಯೊಳಗೆ ಯಾವುದೇ ಸಾವು ಸಂಭವಿಸಿಲ್ಲವೆಂಬ ವರದಿಯನ್ನು ಅಧ್ಯಕ್ಷರು ಪರಿಶೀಲಿಸಿ, ಐವರು ಅಧಿಕಾರಿಗಳ ಬೋನಸ್ಸಿಗೆ ಸಮ್ಮತಿಸಿದರು." ನಾಳೆ ಹನ್ನೊಂದು ಗಂಟೆಗೆ ಷೇರುದಾರರ ಸಭೆ. ಈ ಪುಟದ ಆಧಾರದ ಮೇಲೆ ಕೈ ಎತ್ತಿದರೆ ಮುಗಿಯಿತು.

"ಬಡಿಸೋನು ನಮ್ಮೋನಾದ್ರೆ ಕೊನೇ ಪಂಕ್ತಿಯಾದ್ರೇನು ಅಂತಾರೆ. ಇಲ್ಲಿ ಬಡಿಸೋನು ನಮ್ಮೋನಲ್ಲ ಅಂತ ಗೊತ್ತಾಗಿ ಅವನನ್ನೇ ಎತ್ತಿಬಿಟ್ರು" ಎಂದು ಭೂತಗನ್ನಡಿ ಪುಟದ ಫೋಟೋ ತೆಗೆದುಕೊಂಡ. ಪುಸ್ತಕ ನೋಡಲು ಬ್ಯಾಂಕಿನ ಸದಸ್ಯೆ ಬರೆದುಕೊಟ್ಟಿದ್ದ ಅನುಮತಿ ಪತ್ರವನ್ನು ಮಡಚಿ ಜೇಬಿಗೆ ಹಾಕಿಕೊಂಡ. "ಇನ್ನೊಂದು ವಿಷಯ. ಭಾನುವಾರದ ಗೇಟಿನ ರಿಜಿಸ್ಟರಲ್ಲಿ ಡಾಕ್ಟರ ಹೆಸರೇ ಇಲ್ಲ. ನಡ್ಕೊಂಡು ಬಂದಿದ್ರೆ ಬರೆಸ್ತಿದ್ರು. ಟ್ಯಾಕ್ಸೀಲಿ ಬಂದಿದ್ರೆ ತಡೀತಿದ್ರು. ತಡೆಯದೆ ಬಿಡೋದು ಗಾಜಿನ ಮೇಲೆ ಅಧಿಕಾರಿ ಪಾಸ್ ಅಂಟಿಸಿರೋ ಕಾರನ್ನ ಮಾತ್ರ."

"ಅಂದ್ರೆ?"

"ಗೊತ್ತಿದ್ದೋರ ಕಾರು ಹತ್ತಿ ಬಂದಿದಾರೆ. ನಾನೀಗ ಆಸ್ಪತ್ರೆಗೆ ಹೋಗ್ತೀನಿ. ಆ ಕೆಲಸಗಾರನ್ನ ಸೇರಿಸಿಕೊಂಡ ರಿಜಿಸ್ಟರ್ ನೋಡ್ಬೇಕು, ಸಂಜೆಯಾಗತ್ತೆ." ಚಿಲಕಕ್ಕೆ ಕೈ ಹಾಕಿ ತಿರುಗಿದ. "ಮೇಡಂ, ಆ ಕೋಣೇಲಿ ಏನು ನಡೀತು ಅಂತ ಇಬ್ಬರಿಗೆ ಗೊತ್ತಿತ್ತು. ಒಬ್ಬರು ಸತ್ರು. ಯಾರ ಹತ್ರಾನೂ ಒಬ್ಬರೇ ಹೋಗಿ ಏನೂ ಕೇಳ್ಬೇಡಿ."

ಅವನ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಯಿತು.

ಅವಳು ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಎಳೆದು ನೋಡಿ, ಮತ್ತೆ ಎಳೆದು ನೋಡಿ ಹೊರಬಂದಳು. ಪಡಸಾಲೆಯಲ್ಲಿ ಎಂ.ಡಿ. ಎದುರಾದರು. ತೆಳ್ಳಗಿನ, ಮೆಲುಮಾತಿನ ಮನುಷ್ಯ. ಅವರು ಯಾರ ಮೇಲೂ ದನಿ ಎತ್ತಿದ್ದನ್ನು ಯಾರೂ ಕೇಳಿರಲಿಲ್ಲ.

"ಅಮ್ಮ ಹೇಗಿದಾರೆ?"

"ಪರವಾಗಿಲ್ಲ ಸರ್. ಅಕ್ಕನ ಮನೇಲಿದಾರೆ."

"ಒಳ್ಳೇದು. ತಾಯಿ ಒಬ್ಬರೇ ಇರೋದು ನಮಗೆ." ಎರಡು ಹೆಜ್ಜೆ ಮುಂದೆ ಹೋಗಿ ನಿಂತರು. "ನಾಳೆಗೆ ಪುಸ್ತಕ ಸರಿಯಾಗಿರಲಿ, ಅಷ್ಟೇ."

ಅದು ಪ್ರತಿ ವರ್ಷ ಅವರು ಹೇಳುವ ಮಾತು. ಈ ವರ್ಷ ಮಾತ್ರ ಅವಳು ದಾಖಲೆ ಕೋಣೆಯ ಬಾಗಿಲಿನ ಕಡೆ ತಿರುಗಿ ನೋಡಿದಳು.

ಮಧ್ಯಾಹ್ನದವರೆಗೂ ಅವಳು ಸುಮ್ಮನಿರಲು ನೋಡಿದಳು. ಆಗಲಿಲ್ಲ. ಭಾವ ಮೋಸ ಹೋಗಿರಬಹುದು, ಅವನಿಗೂ ಯಾರೋ ಸುಳ್ಳು ಹೇಳಿ ಹಾಳೆ ಕೊಟ್ಟಿರಬಹುದು. ಒಂದು ಮಾತು ಕೇಳಿದರೆ ಬಗೆಹರಿಯುತ್ತದೆ. ಹೊರಗಿನವರ ಮುಂದೆ ಮನೆಯವನ ಹೆಸರು ಹೇಳುವ ಮುಂಚೆ ಮನೆಯವನನ್ನೇ ಕೇಳುವುದು ನ್ಯಾಯ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಎರಡು ಗಂಟೆಗೆ ಕಾರ್ಖಾನೆಯ ಕಡೆ ನಡೆದಳು.

ಭಾವನ ಕೋಣೆ ಕುಲುಮೆಯ ಅಂಗಳದ ಮೇಲೆ ಅಟ್ಟದ ಹಾಗೆ ಕಟ್ಟಿದ್ದು. ನಾಲ್ಕೂ ಕಡೆ ಗಾಜು. ಕೆಳಗೆ ಕೆಂಡದ ಬಣ್ಣದ ಹನಿಗಳು ಅಚ್ಚಿನೊಳಗೆ ಬಿದ್ದು ಸೀಸೆಗಳಾಗಿ ಹೊರಬಂದು, ಒಂದಕ್ಕೊಂದು ಭುಜ ತಾಗಿಸಿಕೊಂಡು ಕಿಣಿಕಿಣಿ ಎನ್ನುತ್ತ ಸಾಲಾಗಿ ಸಾಗುತ್ತಿದ್ದವು. ಔಷಧ ತುಂಬುವ ಪುಟ್ಟ ಸೀಸೆಗಳು. ಬಿಸಿ ಅಟ್ಟದವರೆಗೂ ಏರುತ್ತಿತ್ತು.

ಭಾವ ಅವಳ ಮುಖ ನೋಡಿದವನೇ ಎದ್ದು ಬಾಗಿಲು ಹಾಕಿದ.

"ಏನಾಯ್ತು ಪುಟ್ಟಿ? ಅಮ್ಮಂಗೇನಾದ್ರೂ..."

"ಅಮ್ಮ ಚೆನ್ನಾಗಿದಾಳೆ. ಭಾವ, ಆಸ್ಪತ್ರೇಲಿ ನಾಲ್ಕು ಹಾಳೆಗೆ ಸಹಿ ಹಾಕಿಸಿಕೊಂಡ್ರಲ್ಲ. ಯಾರು ಕೊಟ್ರು ಅದನ್ನ?"

"ಯಾವ ಹಾಳೆ?"

"ಭಾವ."

ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ. ಆ ದೊಡ್ಡ ಮೈಯ ಮನುಷ್ಯ ಕಣ್ಮುಂದೆಯೇ ಕುಗ್ಗಿದಂತಾಯಿತು.

"ಎಷ್ಟು ಜನಕ್ಕೆ ಹೇಳಿದೀಯಾ?"

"ಯಾರಿಗೂ ಇಲ್ಲ."

"ಆ ಕನ್ನಡಿಯವನಿಗೆ?"

"ನಿಮ್ಮ ಹೆಸರು ಹೇಳಿಲ್ಲ. ಎಂ.ಡಿ. ಮಾಡಿಸಿದ್ದಾ?"

"ಎಂ.ಡಿ. ಯಾವತ್ತೂ ಏನೂ ಮಾಡಿಸಲ್ಲ." ಭಾವ ಹಲ್ಲು ಕಚ್ಚಿ ನಕ್ಕ. "ಪುಸ್ತಕ ಸರಿಯಾಗಿರಲಿ ಅಂತಾರೆ, ಅಷ್ಟೇ. ಸರಿ ಮಾಡೋದು ನಮ್ಮ ಹಣೆಬರಹ. ಬೋನಸ್ ಐವರಿಗೆ. ಎರಡು ವರ್ಷದ್ದು ವಾಪಸ್ ಕಟ್ಟೋದೂ ಐವರೇ. ಮನೆ ಕಟ್ಟಿಸಿದ್ದೀನಿ ಪುಟ್ಟಿ, ಅದೇ ದುಡ್ಡಲ್ಲಿ. ಗೋಡೆ ಕಿತ್ತು ವಾಪಸ್ ಕೊಡೋಕಾಗತ್ತಾ?"

"ಆ ಮನುಷ್ಯ ಎಲ್ಲಿ ಸತ್ತ?"

ಭಾವ ಗಾಜಿನಾಚೆ ನೋಡಿದ. ಕುಲುಮೆಯ ಬಾಯಿಯ ಎದುರು ಒಬ್ಬ ಉದ್ದನೆಯ ಸಲಾಕೆ ಹಿಡಿದು ಮುಖ ತಿರುಗಿಸಿ ನಿಂತಿದ್ದ.

"ಬೆಳಗಿನ ಜಾವ ನಾಲ್ಕು ಗಂಟೆ. ಒಳಗೆ ಇಟ್ಟಿಗೆ ಕುಸಿದು ಬೆಂಕಿ ಹೊರಗೆ ನುಗ್ತು. ಅವನು ಎದುರಿಗೇ ಇದ್ದ. ವ್ಯಾನಲ್ಲಿ ಹಾಕಿದ್ವಿ. ಆಸ್ಪತ್ರೆಗೆ ಅಂತಾನೇ ಹೊರಟಿದ್ದು. ಸೇತುವೆ ಹತ್ರ ಬಂದಾಗ ಫೋನ್ ಬಂತು."

"ಯಾರದ್ದು?"

ಭಾವ ಮತ್ತೆ ಕುಲುಮೆಯ ಕಡೆ ತಿರುಗಿದ.

"ಸೇತುವೆ ಹತ್ರ ಇಳಿಸಿದಾಗ ಉಸಿರಿತ್ತಾ, ಭಾವ?"

ಕೆಳಗೆ ಸೀಸೆಗಳು ಕಿಣಿಕಿಣಿ ಎಂದು ಸಾಗುತ್ತಲೇ ಇದ್ದವು. ಭಾವ ಕರ್ಚೀಫಿನಿಂದ ಕತ್ತು ಒರೆಸಿಕೊಂಡ. ಮತ್ತೆ ಒರೆಸಿಕೊಂಡ. ಒರೆಸುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ.

"ಭಾವ, ಉಸಿರಿತ್ತಾ?"

"ನನ್ನ ಕೇಳ್ಬೇಡ."

ಅವಳು ಬಾಗಿಲಿಗೆ ಒರಗಿದಳು. ಎಳವೆಯಲ್ಲಿ ಸೈಕಲ್ ಕಲಿಸುವಾಗ ಹಿಂದೆ ಓಡಿಬರುತ್ತಿದ್ದವನು ಇವನೇ, "ಬಿದ್ರೆ ನಾನಿದೀನಿ" ಎನ್ನುತ್ತ.

"ಡಾಕ್ಟರನ್ನ..."

"ಇಲ್ಲ!" ಅವನ ದನಿ ಗಾಜಿಗೆ ಬಡಿದು ವಾಪಸ್ ಬಂತು. ಕೂಡಲೇ ಪಿಸುಗುಟ್ಟಿದ. "ಇಲ್ಲ ಪುಟ್ಟಿ. ನಿನ್ನಾಣೆ, ಅಮ್ಮನಾಣೆ. ಪುಟ ಬದಲಾಯಿಸಿದ್ದು ನಾನು. ವ್ಯಾನಲ್ಲಿದ್ದೋನು ನಾನು. ಡಾಕ್ಟರನ್ನ ಮುಟ್ಟಿಲ್ಲ. ಆ ಭಾನುವಾರ ನಾನು ಈ ಊರಲ್ಲೇ ಇರ್ಲಿಲ್ಲ. ಶನಿವಾರ ಸಂಜೇನೇ ರೈಲು ಹತ್ತಿದ್ದೆ, ಏಜೆಂಟರ ಮೀಟಿಂಗಿಗೆ. ಟಿಕೆಟ್ ಇದೆ, ಫೋಟೋ ಇದೆ, ನಲವತ್ತು ಜನ ನೋಡಿದಾರೆ."

"ಡಾಕ್ಟರು ಬಂದಿದ್ದು ಅಧಿಕಾರಿ ಪಾಸಿರೋ ಕಾರಲ್ಲಿ. ನಿಮ್ಮ ಕಾರು ಎಲ್ಲಿತ್ತು?"

"ಮನೇಲಿ. ನಾನು ರೈಲಲ್ಲಿ ಹೋದ್ಮೇಲೆ ಕಾರು ಮನೇ..."

ಭಾವನ ಮಾತು ನಿಂತಿತು. ಬಾಯಿ ತೆರೆದೇ ಇತ್ತು. ತಾನಾಡಿದ ಮಾತು ತನ್ನ ಕಿವಿಗೇ ಆಗ ತಾನೇ ಬಿದ್ದವನಂತೆ ಮೇಜಿನ ಮೇಲೆ ಕಣ್ಣು ನೆಟ್ಟ.

ಮೇಜಿನ ಮೇಲಿದ್ದ ಅವನ ಮೊಬೈಲು ಬಡಿದುಕೊಂಡಿತು. ಪರದೆಯ ಮೇಲೆ 'ಮನೆ' ಎಂದಿತ್ತು. ಅದು ಹೊಡೆದುಕೊಂಡು ಹೊಡೆದುಕೊಂಡು ನಿಲ್ಲುವವರೆಗೂ ಇಬ್ಬರೂ ನೋಡುತ್ತ ನಿಂತರು.

"ತಗೊಳ್ಳಿ ಭಾವ. ಅಮ್ಮನ ವಿಷಯ ಇರಬಹುದು."

"ಪುಟ್ಟಿ, ಇಲ್ಲಿ ಕೇಳು." ಅವನು ಮೇಜು ಬಳಸಿ ಬಂದು ಅವಳ ಎರಡೂ ಭುಜ ಹಿಡಿದ. ಕೈ ಮಂಜಿನಷ್ಟು ತಣ್ಣಗಿತ್ತು, ಆ ಬಿಸಿಯಲ್ಲೂ. "ನಾಳೆ ಹನ್ನೊಂದಕ್ಕೆ ಸಭೆ ಮುಗೀಲಿ. ಅಲ್ಲೀತನಕ ಬಾಯಿ ಬಿಡ್ಬೇಡ. ಆ ಪುಟದಲ್ಲಿರೋದು ನಿನ್ನ ಸಹಿ, ನಂದಲ್ಲ. ಇವತ್ತು ನಮ್ಮ ಮನೆ ಕಡೆ ಬರ್ಬೇಡ. ತಿಳೀತಾ? ಏನೇ ಆಗ್ಲಿ ಬರ್ಬೇಡ."

ಅವಳಿಗೆ ಅದು ಬೆದರಿಕೆಯ ಹಾಗೇ ಕೇಳಿಸಿತು. ಭುಜ ಕೊಡವಿಕೊಂಡು ಮೆಟ್ಟಿಲಿಳಿದು ಓಡಿದಳು.

ತನ್ನ ಮಹಡಿಗೆ ಬಂದಾಗ ಅಲ್ಲಿ ನರಪಿಳ್ಳೆ ಕಾಣಲಿಲ್ಲ. ನಾಳೆಯ ಸಭೆಗೆ ಕುರ್ಚಿ ಜೋಡಿಸಲು ಎಲ್ಲರೂ ಸಭಾಂಗಣಕ್ಕೆ ಹೋಗಿದ್ದರು. ಹನ್ನೆರಡು ಮೇಜು, ಹನ್ನೆರಡು ಖಾಲಿ ಕುರ್ಚಿ, ಒಂದು ಫ್ಯಾನು ಸುಮ್ಮನೆ ತಿರುಗುತ್ತಿತ್ತು. ಭೂತಗನ್ನಡಿಗೆ ಫೋನ್ ಮಾಡಿದಳು. ಸಿಗಲಿಲ್ಲ. ಮತ್ತೆ ಮಾಡಿದಳು. ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂದಿತು. ಆಸ್ಪತ್ರೆಯ ದಾಖಲೆ ಕೋಣೆ ನೆಲಮಾಳಿಗೆಯಲ್ಲಿದೆ ಎಂಬುದು ನೆನಪಾಯಿತು.

"ಅಮ್ಮಾವ್ರೇ."

ಅವಳು ಬೆಚ್ಚಿ ತಿರುಗಿದಳು.

ಬೀರುವಿನ ಪಕ್ಕದ ಬೆಂಚಿನಿಂದ ಒಬ್ಬ ಹೆಂಗಸು ಏಳುತ್ತಿದ್ದಳು. ನಲವತ್ತೈದರ ಆಸುಪಾಸು. ಒಗೆದು ಬಣ್ಣ ಮಾಸಿದ ಸೀರೆ, ಎದೆಗೊತ್ತಿಕೊಂಡ ಪ್ಲಾಸ್ಟಿಕ್ ಕವರು.

"ನಾಳೆ ಸಭೆಗೆ ಚೀಟಿ ಇಲ್ಲೇ ಕೊಡ್ತಾರೆ ಅಂದ್ರು. ನಮ್ಮೆಜಮಾನ್ರಿಗೆ ಕಂಪನಿಯೋರು ಹತ್ತು ಷೇರು ಕೊಟ್ಟಿದ್ರು, ಇಪ್ಪತ್ತೈದು ವರ್ಷ ಆಯ್ತು ಅಂತ. ಈಗ ನನ್ನ ಹೆಸರಿಗಾಗಿದೆ. ಹತ್ತೇ ಇದ್ರೂ ಕೂತ್ಕೊಂಡು ಕೇಳ್ಬಹುದಂತಲ್ಲ?"

"ಕೇಳಬಹುದು" ಎಂದಳು ಸೆಕ್ರೆಟರಿ. ಕವರಿನಿಂದ ಹೊರಬಂದ ಕಾಗದದ ಮೇಲಿನ ಹೆಸರು ಓದಿದಳು. ಕುಲುಮೆಯಲ್ಲಿ ಸುಟ್ಟುಹೋದವನ ಹೆಸರು. ಅವನ ಹೆಂಡತಿ ಇವಳು.

ಷೇರುದಾರರ ಪಟ್ಟಿಯಲ್ಲಿ ಗುರುತು ಹಾಕಿ ಪ್ರವೇಶ ಚೀಟಿ ಬರೆಯತೊಡಗಿದಳು.

"ಒಂದ್ಸಲ ಸೆಕ್ರೆಟರಿ ಅಮ್ಮನ್ನ ನೋಡ್ಬೇಕಿತ್ತು" ಎಂದಳು ಹೆಂಗಸು.

"ನಾನೇ. ಹೇಳಿ."

ಆ ಹೆಂಗಸು ಅವಳನ್ನು ದಿಟ್ಟಿಸಿದಳು. ತಲೆಯಾಡಿಸಿದಳು.

"ನೀವಲ್ಲ."

"ಈ ಕಂಪನಿಗೆ ನಾನೊಬ್ಬಳೇ ಸೆಕ್ರೆಟರಿ, ತಾಯಿ. ಹದಿನೆಂಟು ವರ್ಷದಿಂದ."

"ಇಲ್ಲಮ್ಮ. ನಮ್ಮೆಜಮಾನ್ರು ಹೋಗಿ ಮೂರನೇ ದಿನ ಮನೆಗೆ ಬಂದಿದ್ರಲ್ಲ, ಅವರು. ನಾನು ಸೆಕ್ರೆಟರಿ, ನಿಮ್ಮ ಮಗಳಿಗೆ ಕೆಲಸ ಕೊಡಿಸೋ ಜವಾಬ್ದಾರಿ ನಂದು ಅಂದ್ರು. ಹಣ್ಣು ತಂದಿದ್ರು. ಯಜಮಾನ್ರು ಆರು ಗಂಟೆಗೆ ಗೇಟ್ ದಾಟಿ ಹೊರಗೆ ಹೋದ್ರು ಅಂತ ಕಾಗದಕ್ಕೆ ನನ್ನ ಸಹಿ ಹಾಕಿಸಿಕೊಂಡ್ರು. ನನ್ನ ಪಕ್ಕದಲ್ಲೇ ಕೂತು ಅತ್ರು ಕಣಮ್ಮ. ನನಗಿಂತ ಜಾಸ್ತಿ ಅತ್ರು." ಅವಳು ಮತ್ತೆ ದಿಟ್ಟಿಸಿದಳು. "ನಿಮ್ಮ ಹಾಗೇ ಮುಖ. ಸ್ವಲ್ಪ ದಪ್ಪ, ವಯಸ್ಸಾಗಿರೋರು. ಮಾತಾಡ್ವಾಗ ಒಂದು ಕಣ್ಣು ಕಿರಿದು ಮಾಡ್ತಿದ್ರು."

ಸೆಕ್ರೆಟರಿ ಪೆನ್ನು ಕೆಳಗಿಟ್ಟಳು.

ಬೇಡ ಎನ್ನುತ್ತಿದ್ದ ಬೆರಳುಗಳನ್ನು ಬಲವಂತವಾಗಿ ಆಡಿಸಿ ಮೊಬೈಲು ತೆರೆದಳು. ಅಮ್ಮನನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದ ದಿನ ತೆಗೆದ ಫೋಟೋ. ಗಾಲಿಕುರ್ಚಿಯಲ್ಲಿ ಅಮ್ಮ, ಒಂದು ಪಕ್ಕ ತಾನು, ಇನ್ನೊಂದು ಪಕ್ಕ ಅಕ್ಕ.

"ಇವರೇ!" ಹೆಂಗಸು ಬೆರಳಿಟ್ಟಳು. "ಇವರೇ ಸೆಕ್ರೆಟರಿ ಅಮ್ಮ."

ಫ್ಯಾನು ತಿರುಗುತ್ತಿತ್ತು. ಸೆಕ್ರೆಟರಿ ಎದ್ದು ಹೊರಬಾಗಿಲು ಮುಂದೂಡಿ ಬಂದಳು.

"ಈ ವಿಷಯ ಬೇರೆ ಯಾರಿಗಾದ್ರೂ ಹೇಳಿದ್ರಾ?"

"ಡಾಕ್ಟರಿಗೆ. ಶನಿವಾರ ಬಂದಿದ್ರು ಪಾಪ, ಹುಡುಕ್ಕೊಂಡು. ಹೆಣ ನೀನೇ ತೊಳೆದಿದ್ದಾ, ಹುಬ್ಬು ಹೇಗಿತ್ತು ಅಂತೆಲ್ಲ ಕೇಳಿದ್ರು. ಬಂದಿದ್ದ ಅಮ್ಮ ಹೇಗಿದ್ರು ಅಂತಾನೂ ಕೇಳಿದ್ರು. ಹೇಳಿದೆ. ಅವರಿಗೆ ತಕ್ಷಣ ಗೊತ್ತಾಯ್ತು. 'ಆ ಹುಡುಗಿ ನನಗೆ ಗೊತ್ತು. ಅವಳ ಎರಡೂ ಹೆರಿಗೆ ನಾನೇ ಮಾಡಿಸಿದ್ದು. ಕೆಟ್ಟೋಳಲ್ಲ, ಯಾರೋ ಹೇಳಿಕೊಟ್ಟಿರ್ತಾರೆ. ಪೊಲೀಸಿಗೆ ಹೋಗೋ ಮುಂಚೆ ನಾಳೆ ಅವಳನ್ನೇ ಕರೆದು ಕೇಳ್ತೀನಿ' ಅಂದ್ರು."

ನಾಳೆ ಎಂದರೆ ಭಾನುವಾರ.

ಕಾರು ಮನೆಯಲ್ಲಿತ್ತು ಎಂದ ಭಾವ ಮಾತಿನ ನಡುವೆ ಏಕೆ ಕಲ್ಲಾದ ಎಂದು ಅವಳಿಗೀಗ ಅರ್ಥವಾಯಿತು. ಮನೆ ಕಡೆ ಬರಬೇಡ ಎಂದದ್ದು ಬೆದರಿಕೆಯಾಗಿರಲಿಲ್ಲ. ಅವನು ಹೆದರಿದ್ದ. ತನಗಿಂತ ಹೆಚ್ಚು ಹೆದರಿದ್ದ. ಆ ಮನೆಯಲ್ಲಿ ಅಮ್ಮ ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು ಮಲಗಿದ್ದಾಳೆ.

ಮೊಬೈಲು ಅವಳ ಕೈಯಲ್ಲೇ ಗುಂಯ್‌ಗುಟ್ಟಿತು. ಅಕ್ಕ.

ತೆಗೆದುಕೊಳ್ಳದಿದ್ದರೆ ಅನುಮಾನ ಬರುತ್ತದೆ. ತೆಗೆದುಕೊಂಡಳು.

"ಪುಟ್ಟೀ, ಎಷ್ಟೊತ್ತಿಗೆ ಮುಗಿಯತ್ತೆ ಕಣೇ ನಿನ್ನ ಕೆಲಸ?" ದಿನವೂ ಕೇಳುವ ಅದೇ ದನಿ. ಸೊಪ್ಪು ಸೋಸುತ್ತ ಮಾತನಾಡುತ್ತಿದ್ದಾಳೇನೋ ಎನ್ನುವಷ್ಟು ಸಲೀಸು. "ಅಮ್ಮನ ಹೊಲಿಗೆ ಬಿಚ್ಚಿಸ್ಬೇಕಲ್ಲ. ನೀನೂ ಬಾ, ಒಟ್ಟಿಗೆ ಹೋಗೋಣ."

"ನಾಳೆ ಅಲ್ವಾ ಅಕ್ಕ ಅದು?"

"ನಾಳೆ ನಿಂಗೆ ಸಭೆ. ಅದಕ್ಕೇ ಇವತ್ತೇ ಮುಗಿಸಿಬಿಡೋಣ ಅಂತ. ಕೆಳಗೇ ಇದೀವಿ ನೋಡು."

ಅವಳು ಕಿಟಕಿಯ ಹತ್ತಿರ ಹೋದಳು. ಮೂರು ಗಂಟೆಯ ಬಿಸಿಲು ಅಂಗಳದ ತುಂಬ ಹರಡಿತ್ತು. ಗೇಟಿನೊಳಗೆ ಭಾವನ ಕಾರು ನಿಂತಿತ್ತು. ಮುಂದಿನ ಸೀಟಿನಲ್ಲಿ ಅಮ್ಮ, ದಿಂಬೊಂದನ್ನು ಹೊಟ್ಟೆಗೆ ಅವುಚಿಕೊಂಡು. 'ಯಾವ ಮಹಡಿ' ಎಂದು ಸ್ಟಿಯರಿಂಗ್ ಹಿಡಿದಿದ್ದ ಅಕ್ಕನನ್ನು ಕೇಳಿ ತಿಳಿದುಕೊಂಡಂತೆ ಮೇಲೆ ನೋಡಿ ಕೈ ಬೀಸಿದಳು.

"ಕಾಣಿಸ್ತಾ?" ಎಂದಳು ಅಕ್ಕ.

"ಹ್ಞೂಂ."

"ಬೇಗ ಇಳಿದು ಬಾ. ಮತ್ತೆ ಪುಟ್ಟಿ, ನಿನ್ನ ಹತ್ರ ಚೀಟಿ ಬರೆಸೋಕೆ ಬಂದಿದಾರಲ್ಲ ಆ ಹೆಂಗಸು, ಅವರನ್ನೂ ಕರ್ಕೊಂಡು ಬಾ. ಪಾಪ, ಈ ಬಿಸಿಲಲ್ಲಿ ನಡ್ಕೊಂಡು ಹೋಗೋದು ಬೇಡ. ಹಿಂದಿನ ಸೀಟು ಖಾಲಿ ಇದೆ."